ಬೀರೇಶನ ಇಂಜಿನ್

ಸೋತ ದಿನ ಬೀರೇಶ ಬೇಗ ಬೇಗ ನಡೆಯುತ್ತಾನೆ. ಸೋತವರು ಕಾಲೆಳೆದುಕೊಂಡು, ದಾರಿಯಲ್ಲಿ ಪರಿಚಯದವರು ಯಾರೂ ಎದುರಾಗದಿರಲಿ ಎಂದು ಗೋಡೆಯ ಪಕ್ಕಕ್ಕೆ ಸರಿದು ಮನೆ ಸೇರುವುದನ್ನು ನಾನು ಕಂಡಿದ್ದೇನೆ. ನಾನೂ ಹಾಗೆಯೇ ಸೇರಿದವನು. ಇವನು ಮಾತ್ರ ಚದುರಂಗದ ಆಟವೊಂದನ್ನು ಸೋತನೆಂದರೆ ಆಲಸನತ್ತಂನ ನಮ್ಮ ಬೀದಿಯ ತಿರುವಿನಿಂದಲೇ ಎರಡೂ ಕೈ ಬೀಸುತ್ತ, ಮೈಮೇಲಿನ ಹಸಿರು ಸ್ವೆಟರಿನ ಗುಂಡಿಗಳನ್ನು ಬಿಚ್ಚಿ ಹಾರಾಡಲು ಬಿಟ್ಟು, ಮದುವೆಮನೆಗೆ ಊಟದ ಹೊತ್ತಿಗೆ ಸರಿಯಾಗಿ ಹೊರಟವನ ಉತ್ಸಾಹದಲ್ಲಿ ಬರುತ್ತಿದ್ದ. ಗೆದ್ದ ವಾರ ಬರುತ್ತಲೇ ಇರಲಿಲ್ಲ. ಗೆದ್ದ ಆಟದ ಬಗ್ಗೆ ಕೇಳಿದರೆ, "ಅದಾ ಮೇಷ್ಟ್ರೇ, ಅವ್ನು ತಪ್ಪು ಆಡ್ಬುಟ್ಟ, ನಾನು ಗೆದ್ದೆ" ಎಂದು, ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿ ಮುಗಿಸುತ್ತಾನೆ.

ಅವನು ಬಾಗಲೂರಿನ ಹೊರಗೆ ಕೊತ್ತಂಬರಿ, ಪುದೀನ, ಹೂಕೋಸು ಬೆಳೆಯುವವನು. ನಲವತ್ತು ದಾಟಿದ ಗಟ್ಟಿಯಾದ ಆಳು. ಹತ್ತಿರ ಬಂದು ಕೂತರೆ ಪುದೀನದ ವಾಸನೆ. ಎದ್ದು ಹೋದ ಮೇಲೂ ನಮ್ಮ ಜಗಲಿಯ ಮೇಲೆ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ. ಆ ತೋಳಿಲ್ಲದ ಹಸಿರು ಸ್ವೆಟರ್ ಅವನ ಹೆಂಡತಿ ಸುಷ್ಮಾಳಿಗೆ ಅವಳು ಕೆಲಸ ಮಾಡುವ ಕಾರ್ಖಾನೆಯವರು ಕೊಟ್ಟದ್ದು, ಹೆಂಗಸರ ಅಳತೆಯದು, ಇವನ ಎದೆಗೆ ಬಿಗಿ. ಅವಳಿಗೆ ಅದರ ಬಣ್ಣ ಹಿಡಿಸಲಿಲ್ಲ, ಇವನಿಗೆ ಬಿಸಾಡಲು ಮನಸ್ಸು ಬರಲಿಲ್ಲ. ಬೇಸಿಗೆಯಲ್ಲೂ ಅದನ್ನು ಕಳಚುವುದಿಲ್ಲ. ಮನೆಯಲ್ಲಿ ಆಡುವುದು ಕನ್ನಡ, ಹೊಸೂರಿನ ಶಾಲೆಯಲ್ಲಿ ಓದಿದ್ದು ತಮಿಳು, ಅಜ್ಜಿಯ ಊರಿನಲ್ಲಿ ರಜೆ ಕಳೆದು ಹತ್ತಿಸಿಕೊಂಡದ್ದು ತೆಲುಗು. ಚದುರಂಗದ ಹಲಗೆಯ ಮುಂದೆ ಕೂತಾಗ ಮುಂದಿನ ನಡೆಗಳನ್ನು ಅವನು ಲೆಕ್ಕ ಹಾಕುವುದು ತೆಲುಗಿನಲ್ಲಿ. "ಇಟ್ಲ ಪೋತೇ... ಅಟ್ಲ ವಸ್ತಾಡು..." ಎಂದು, ಹೀಗೆ ಹೋದರೆ ಅವನು ಹಾಗೆ ಬರುತ್ತಾನೆ ಎಂಬುದನ್ನು ಮೂಗಿನೊಳಗೇ ಗುನುಗುತ್ತ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುವ ಅವನನ್ನು ಕಂಡು, ಎದುರಾಳಿಗಳು ಇವನು ಮಂತ್ರ ಹಾಕುತ್ತಿದ್ದಾನೆಂದು ಗುಮಾನಿ ಪಟ್ಟದ್ದೂ ಉಂಟು.

ಅವನ ಬಾಯಲ್ಲಿ ಸದಾ ಇರುವ ಪ್ರಶ್ನೆ ಒಂದೇ: "ಎಲ್ಲಿ ಕೆಡ್ತು?" ಕೊತ್ತಂಬರಿ ಮಡಿ ಹಳದಿಗೆ ತಿರುಗಿದರೂ ಅದೇ, ನೆಂಟರ ಮನೆಯಲ್ಲಿ ಜಗಳವಾದರೂ ಅದೇ, ಆಟ ಸೋತರಂತೂ ಅದೇ. ಒಮ್ಮೆ ಕೃಷ್ಣಗಿರಿಯ ಪಂದ್ಯದಲ್ಲಿ ಒಬ್ಬ ಬ್ಯಾಂಕ್ ಅಧಿಕಾರಿಗೆ ಸೋತ; ಆ ಮಹಾಶಯರು ಕೈಕುಲುಕಿ ಹೊರಟರೆ ಇವನು ಬೆನ್ನು ಬಿಡಲಿಲ್ಲ, ಅವರ ಚೀಲವನ್ನು ತಾನೇ ಹೊತ್ತು ಬಸ್ ನಿಲ್ದಾಣದವರೆಗೆ ನಡೆದ. ನಾನು ಸೋಲುತ್ತೇನೆಂದು ನಿಮಗೆ ಗೊತ್ತಾದದ್ದು ಯಾವಾಗ, ಯಾವ ನಡೆಗೆ, ಅದಕ್ಕೂ ಮುಂಚೆಯೇ ಗುಮಾನಿ ಇತ್ತೋ ಎಂದು ತಮಿಳಿನಲ್ಲಿ ವಿನಯಪೂರ್ವಕವಾಗಿ ವಿಚಾರಿಸುತ್ತ ಹೋದನಂತೆ. ಅವರು ಬಸ್ಸು ಹತ್ತಿ ಕಿಟಕಿ ಮುಚ್ಚಿಕೊಂಡರು. ಇವನಿಗೆ ಬೇಸರವಾದದ್ದು ಸೋತದ್ದಕ್ಕಲ್ಲ, ಆ ಕಿಟಕಿಗೆ.

ಈ ಗುಣವನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಬೇರಿಕೆಯ ಕಡೆಯ ಕನ್ನಡ ಶಾಲೆಯೊಂದರಲ್ಲಿ ಬದುಕೆಲ್ಲ ಕಾಗುಣಿತ ತಿದ್ದಿ ನಿವೃತ್ತನಾದವನು ನಾನು. ಪರರ ತಪ್ಪು ನನಗೆ ದೂರದಿಂದಲೇ ಕಾಣುತ್ತದೆ, ನನ್ನದನ್ನು ಯಾರಾದರೂ ತೋರಿಸಿದರೆ ಮೈ ಉರಿಯುತ್ತದೆ. ಚದುರಂಗದಲ್ಲಿ ನಾನು ಅವನಿಗಿಂತ ಒಂದು ಕೈ ಮೇಲು ಎಂಬುದು ನಮ್ಮಿಬ್ಬರ ನಡುವೆ ಮೊದಲಿನಿಂದ ನಡೆದುಕೊಂಡು ಬಂದ ಒಪ್ಪಂದ. ಆದುದರಿಂದ ಸೋತ ಆಟಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಭಾನುವಾರ ನನ್ನ ಜಗಲಿಗೆ ಬರುತ್ತಿದ್ದ. ಬಂದು, ಹಲಗೆಯ ಮೇಲೆ ಮೊದಲ ನಡೆಯಿಂದ ಒಂದೂ ಬಿಡದೆ ಆಡಿ ತೋರಿಸುತ್ತಿದ್ದ. ಅದಕ್ಕೆ ನಾವು ಇಟ್ಟುಕೊಂಡ ಹೆಸರು ಆಟ ಬಿಚ್ಚುವುದು ಎಂದು. ನಾನು ಕಣ್ಣು ಕಿರಿದು ಮಾಡಿ, ಗಂಟಲು ಸರಿಪಡಿಸಿಕೊಂಡು, "ಇಲ್ಲಿ ನೋಡಪ್ಪಾ, ಇಲ್ಲಿ ಕೆಟ್ಟಿತು" ಎಂದಾಗ ಅವನ ಮುಖದಲ್ಲಿ ಮೂಡುತ್ತಿದ್ದ ಬೆಳಕಿದೆಯಲ್ಲ, ಅಂಥದ್ದನ್ನು ನನ್ನ ಯಾವ ವಿದ್ಯಾರ್ಥಿಯ ಮುಖದಲ್ಲೂ ನಾನು ಕಂಡಿರಲಿಲ್ಲ. ನಿವೃತ್ತನಾದ ಮೇಲೆ ನನ್ನನ್ನು ಮೇಷ್ಟ್ರು ಎಂದು ನಿಜವಾಗಿ ಕರೆಯುವವನು ಅವನೊಬ್ಬನೇ. ಆ ಭಾನುವಾರಗಳು ಹೋದರೆ ನನ್ನ ಬಳಿ ಉಳಿಯುವುದು ಪಿಂಚಣಿ ಮತ್ತು ಮಂಡಿನೋವು.

ಹೀಗಿರುವಾಗ ಅವನು ಒಂದು ಭಾನುವಾರ ಕಾಫಿ ಕುಡಿಯುತ್ತ, "ಮೇಷ್ಟ್ರೇ, ಒಳ್ಳೇದೊಂದು ಇಂಜಿನ್ ನೋಡ್ಬೇಕು ಅಂತಿದೀನಿ" ಅಂದ. ನಾನು ಬಾವಿಯ ಇಂಜಿನ್ ಎಂದುಕೊಂಡೆ. ಪಂಪು ಮಾರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೆಸರು ಹೇಳಿದೆ, ಎಷ್ಟು ಆಳದಿಂದ ಎತ್ತಬೇಕು ಎಂದೂ ಕೇಳಿದೆ. ಅವನು ನಕ್ಕು, "ನೀರು ಎತ್ತೋದಲ್ಲ, ಆಟ ಬಿಚ್ಚೋ ಇಂಜಿನ್ನು. ನಾವಾಡಿದ್ದನ್ನ ಹಾಕುದ್ರೆ ಎಲ್ಲಿ ಕೆಡ್ತು ಅಂತ ಅದೇ ಹೇಳ್ತದಂತೆ" ಅಂದ. ಕಾಫಿ ನನ್ನ ನಾಲಿಗೆಗೆ ಕಹಿಯಾಯಿತು. ಕೆಲಸದಲ್ಲಿರುವಾಗಲೇ ತನ್ನ ಜಾಗಕ್ಕೆ ಬೇರೆಯವರನ್ನು ಹುಡುಕುತ್ತಿದ್ದಾರೆಂದು ತಿಳಿದವನಿಗೆ ಆಗುವ ಸಂಕಟವೇ ಅದು. ಸಾಲದ್ದಕ್ಕೆ, ಹುಡುಕುವವನು ನನ್ನನ್ನೇ ಸಲಹೆ ಕೇಳುತ್ತಿದ್ದ.

ಸುಷ್ಮಾ ನನ್ನ ಪಕ್ಷ ವಹಿಸಿದಳು ಎಂದು ನಾನು ಸ್ವಲ್ಪ ದಿನ ಸಮಾಧಾನ ಪಟ್ಟುಕೊಂಡೆ. "ಬಾವಿ ಮೋಟ್ರು ಕೆಟ್ಟು ಕೂತೈತೆ, ಇವ್ರು ಆಟಕ್ಕೆ ಇಂಜಿನ್ ಹುಡುಕ್ತಾವ್ರೆ" ಎಂದು ಅವಳು ಬಾಗಲೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ದೂರಿದ್ದಳು. ಆದರೆ ಅವಳ ದೂರು ಮೋಟಾರಿನ ಪರವಾಗಿತ್ತೇ ಹೊರತು ನನ್ನ ಪರವಾಗಿರಲಿಲ್ಲ.

ಇಂಜಿನ್ನುಗಳನ್ನು ಹೊತ್ತು ತಂದವನು ಯತಿರಾಜ್. ಬೀರೇಶನ ಶಾಲೆಯ ಗೆಳೆಯ, ನಮ್ಮ ಆಲಸನತ್ತಂನಲ್ಲೇ ಮನೆ ಕಟ್ಟಿಕೊಂಡಿರುವ ಕಾರ್ಖಾನೆಯ ಸೂಪರ್‌ವೈಸರ್, ಯಾವ ಮಾತಿಗೂ ಮೊದಲು "ಬೇಸಿಕಲಿ ಸಾರ್" ಎನ್ನುವ ಮನುಷ್ಯ. ಚದುರಂಗ ಅವನಿಗೆ ಬರುವುದು ಅಷ್ಟಕ್ಕಷ್ಟೇ, ಆದರೆ ಚದುರಂಗದ ಇಂಜಿನ್ನುಗಳ ಜಾತಕವೆಲ್ಲ ಗೊತ್ತು. ಅವುಗಳ ಹೆಸರುಗಳನ್ನು ಅವನು ಹೇಳಿದ್ದ. ನನಗೆ ನೆನಪಿಲ್ಲ, ನೆನಪಿಟ್ಟುಕೊಳ್ಳುವ ಮನಸ್ಸೂ ಇರಲಿಲ್ಲ. ಗೊತ್ತುಮಾಡಿದ ಭಾನುವಾರ ಅವನು ಬಂದು ನನ್ನ ಚದುರಂಗದ ಹಲಗೆಯನ್ನು ಬಹಳ ಮರ್ಯಾದೆಯಿಂದ ಎತ್ತಿ ಕಿಟಕಿಯ ಮೇಲಿಟ್ಟು, ಅದು ಇದ್ದ ಮುಕ್ಕಾಲಿಯ ಮೇಲೆ ತನ್ನ ಲ್ಯಾಪ್‌ಟಾಪನ್ನು ಪ್ರತಿಷ್ಠಾಪಿಸಿದ. ನಾನು ಒಳಗೆ ಹೋಗಿ ಎರಡೇ ಲೋಟ ಕಾಫಿ ತಂದೆ. ಬೀರೇಶ ತನ್ನದನ್ನು ಅವನಿಗೆ ಕೊಟ್ಟುಬಿಟ್ಟ. ಕರೆಂಟು ಹೋಗಲಿ ಎಂದು ನಾನು ಮನಸ್ಸಿನಲ್ಲೇ ಹರಸಿಕೊಂಡೆ. ಲ್ಯಾಪ್‌ಟಾಪಿಗೆ ಕರೆಂಟು ಬೇಕಾಗಿಲ್ಲವೆಂಬುದು ಆಮೇಲೆ ಹೊಳೆಯಿತು.

"ಯಾವುದು ಒಳ್ಳೆಯದು ಅಂತ ಹೇಗಪ್ಪಾ ಗೊತ್ತುಮಾಡುತ್ತೀಯಾ?" ಎಂದೆ. ಮಾತಿನಲ್ಲಿ ಕೊಂಕಿತ್ತು.

ಬೀರೇಶ ಅದಕ್ಕೆ ಆಗಲೇ ದಾರಿ ಕಂಡುಕೊಂಡಿದ್ದ. "ಕೃಷ್ಣಗಿರಿ ಆಟ ಐತಲ್ಲ ಮೇಷ್ಟ್ರೇ, ಹೋದ ವರ್ಷದ್ದು. ಅದನ್ನ ಎಲ್ಲಾ ಇಂಜಿನ್‌ಗೂ ಕೊಡೋದು. ನೀವು ಅವತ್ತು ಫೋನ್‌ನಾಗೆ ಹೇಳಿದ್ರಲ್ಲ, ಅದನ್ನ ಯಾವ್ದು ಹೇಳ್ತದೋ ಅದನ್ನ ಮಡಿಕಂತೀನಿ."

ನನ್ನ ಎದೆ ಹಿಗ್ಗಿದ್ದನ್ನು ಏಕೆ ಮುಚ್ಚಿಡಲಿ? ಜಗತ್ತಿನ ಯಂತ್ರಗಳೆಲ್ಲ ಸಾಲಾಗಿ ಬಂದು ನನ್ನ ಮಾತಿಗೆ ತಲೆದೂಗಬೇಕು. ತೂಗದಿದ್ದವು ಮನೆಗೆ ಹೋಗಬೇಕು. ಆ ಕೃಷ್ಣಗಿರಿಯ ಆಟ ನನಗೂ ಮಸುಕಾಗಿ ನೆನಪಿತ್ತು. ಆ ಬ್ಯಾಂಕ್ ಅಧಿಕಾರಿ ಕಿಟಕಿ ಮುಚ್ಚಿಕೊಂಡ ದಿನವೇ, ವಾಪಸು ಬರುವ ಬಸ್ಸಿನಿಂದ ಫೋನು ಮಾಡಿದ್ದ. ಭಾನುವಾರದವರೆಗೆ ಕಾಯಲು ಆಗದಂಥ ಸೋಲಂತೆ. ಹಾರನ್ನಿನ ಗದ್ದಲದ ನಡುವೆ ಕಾಯಿಗಳು ನಿಂತ ಜಾಗಗಳನ್ನು ಅವನು ಹೇಳಿದ, ನಾನು ಹಲಗೆಯ ಮೇಲೆ ಜೋಡಿಸಿಕೊಂಡು, ಎದುರಾಳಿಯ ರಾಜನ ಪಕ್ಕದ ಕಾಲಾಳನ್ನು ನೋಡಿ, ಒಂದು ಕ್ಷಣವೂ ತಡೆಯದೆ, "ಮಂತ್ರಿ ಕೊಡಬೇಕಿತ್ತು ಬೀರೇಶಾ! ಮಂತ್ರಿಯಿಂದ ಆ ಕಾಲಾಳು ಹೊಡೆದು ಮಂತ್ರಿಯನ್ನೇ ಕೊಟ್ಟುಬಿಡಬೇಕಿತ್ತು" ಎಂದಿದ್ದೆ. ಆ ಕಡೆ ತೆಲುಗಿನ ಗುನುಗು. ಆಮೇಲೆ, "ಸಾಕು ಮೇಷ್ಟ್ರೇ, ಕಂಡ್ತು" ಎಂದು ಇಟ್ಟುಬಿಟ್ಟಿದ್ದ. ಅದು ಬಗೆಹರಿದ ಆಟವಾದ್ದರಿಂದ ಮತ್ತೆ ಜಗಲಿಗೆ ತರಲಿಲ್ಲ.

ಯತಿರಾಜ್ ಆ ಸ್ಥಿತಿಯನ್ನು ಮೊದಲನೆಯ ಇಂಜಿನ್ನಿಗೆ ಉಣಿಸಿದ. ಎಲ್ಲಕ್ಕಿಂತ ಬಲಶಾಲಿಯಂತೆ ಅದು. ಲ್ಯಾಪ್‌ಟಾಪಿನ ಫ್ಯಾನು ಗೊರ್ರೆಂದಿತು, ಪರದೆಯ ಮೇಲೆ ಹಸಿರು ಬಾಣವೊಂದು ಮೂಡಿ ರಾಜನ ಪಕ್ಕದ ಅದೇ ಕಾಲಾಳಿಗೆ ನೆಟ್ಟಿತು. ಬೀರೇಶ ಎದ್ದು ನಿಂತು ತೊಡೆ ತಟ್ಟಿದ. "ನೋಡ್ಲಾ ಯತಿ! ಮಂತ್ರಿ ಕೊಡು ಅಂತೈತೆ! ಮೇಷ್ಟ್ರು ಬಸ್‌ನಾಗಿದ್ದೋನಿಗೆ ಫೋನ್‌ನಾಗೆ ಹೇಳಿದ್ರು ಕಣ್ಲಾ ಇದನ್ನ, ಇಷ್ಟು ಹೊತ್ತೂ ತಕ್ಕೊಳ್ಳಿಲ್ಲ!"

ಯತಿರಾಜ್ ನನ್ನನ್ನು ನೋಡಿದ ನೋಟದಲ್ಲಿ ಅಂದು ಮೊದಲ ಬಾರಿಗೆ ನಿಜವಾದ ಗೌರವವಿತ್ತು. ನಾನು ಕನ್ನಡಕ ಏರಿಸಿಕೊಂಡು ಪರದೆಗೆ ಬಾಗಿದೆ. ಬಾಣ ಹೊರಟದ್ದು ಮಂತ್ರಿಯಿಂದಲ್ಲ. ಮಂತ್ರಿಯೂ ಒಂಟೆಯೂ ಎರಡು ಬೇರೆ ಮೂಲೆಗಳಿಂದ ಆ ಒಂದೇ ಕಾಲಾಳಿನ ಮೇಲೆ ಕಣ್ಣಿಟ್ಟು ನಿಂತಿದ್ದವು. ಇಂಜಿನ್ ಕಳಿಸು ಎನ್ನುತ್ತಿದ್ದದ್ದು ಒಂಟೆಯನ್ನು. ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಆದರೆ ಯಾರಾದರೂ ತಪ್ಪು ಶಬ್ದ ಬಳಸಿದರೆ ನನ್ನ ನಾಲಿಗೆ ನನ್ನ ಅಪ್ಪಣೆಗೆ ಕಾಯುವುದಿಲ್ಲ.

"ಅದು ಮಂತ್ರಿಯಲ್ಲ ಬೀರೇಶಾ, ಒಂಟೆ" ಎಂದೆ.

"ಒಂಟೆ ಅಂದ್ರೆ ಮಂದಿರಿನೇ ಅಲ್ವಾ ಮೇಷ್ಟ್ರೇ?" ಅಂದ ಬೀರೇಶ.

ಆ ಕ್ಷಣದಲ್ಲಿ ಮೂವರಿಗೂ ಅರ್ಥವಾಯಿತು. ನನ್ನ ಅಪ್ಪ ನನಗೆ ಕಲಿಸಿದ ಚದುರಂಗದಲ್ಲಿ ರಾಜನ ಪಕ್ಕ ನಿಲ್ಲುವ ಎಲ್ಲಕ್ಕಿಂತ ದೊಡ್ಡ ಕಾಯಿ ಮಂತ್ರಿ, ಓರೆಯಾಗಿ ಓಡುವುದು ಒಂಟೆ. ಬೀರೇಶ ಶಾಲೆಯ ಡ್ರಿಲ್ ಮೇಷ್ಟರಿಂದ ಕಲಿತ ತಮಿಳು ಚದುರಂಗದಲ್ಲಿ ಆ ದೊಡ್ಡ ಕಾಯಿ ರಾಣಿ. ಓರೆಯಾಗಿ ಓಡುವುದೇ ಮಂದಿರಿ. ಜಗಲಿಯಲ್ಲಿ ಕೂತಾಗ ಇದರಿಂದ ತೊಂದರೆಯಾಗಿರಲಿಲ್ಲ, ಬೆರಳಿಟ್ಟು ತೋರಿಸುತ್ತಿದ್ದೆವು, ಹೆಸರು ಯಾವುದಾದರೇನು. ಫೋನಿನಲ್ಲಿ ಬೆರಳು ಕಾಣುವುದಿಲ್ಲವಲ್ಲ. ದಿನವಿಡೀ ಕೃಷ್ಣಗಿರಿಯಲ್ಲಿ ತಮಿಳಿನವರ ಜೊತೆ ಆಡಿ, ತಮಿಳಿನಲ್ಲೇ ಸೋತು ಬರುತ್ತಿದ್ದವನ ಕಿವಿಗೆ ನನ್ನ ಕನ್ನಡದ ಮಂತ್ರಿ ಮಂದಿರಿಯಾಗಿ ಬಿದ್ದಿದ್ದ.

ಯತಿರಾಜ್ ಒಳ್ಳೆಯ ಮನಸ್ಸಿನಿಂದಲೇ, "ಬೇಸಿಕಲಿ ಸಾರ್, ನೀವು ಹೇಳಿದ್ದನ್ನೂ ಒಂದ್ಸಲ ಹಾಕಿ ನೋಡಣ" ಎಂದು ಮಂತ್ರಿಯನ್ನು ಎಳೆದು ಕಾಲಾಳಿನ ಮೇಲಿಟ್ಟ. ಯಾರ ಕೈ ಮೇಲೆಂದು ತೋರಿಸುವ ಬಿಳಿಯ ಪಟ್ಟಿಯೊಂದು ಪರದೆಯ ಅಂಚಿನಲ್ಲಿ ಅರ್ಧಕ್ಕಿಂತ ಮೇಲಿತ್ತು, ಅದು ಪಾತಾಳಕ್ಕೆ ಇಳಿಯಿತು. ಎರಡನೆಯ ಇಂಜಿನ್ ಅವನ ಫೋನಿನಲ್ಲಿತ್ತು, ಫೋನು ಕೈಯಲ್ಲಿ ಹಿಡಿಯಲಾಗದಷ್ಟು ಕಾದ ಮೇಲೆ ಅದೂ ಒಂಟೆ ಎಂದಿತು. ಮೂರನೆಯದು ಬೇರೆ ತರದ್ದು, ಮನುಷ್ಯರಂತೆ ಯೋಚಿಸುವ ಹಾಗೆ ಪಳಗಿಸಿದ್ದಂತೆ, ಎಷ್ಟು ಮಟ್ಟದ ಮನುಷ್ಯ ಬೇಕೋ ಅಷ್ಟಕ್ಕೆ ಇಟ್ಟುಕೊಳ್ಳಬಹುದಂತೆ. "ಇದನ್ನ ನಿಮ್ ಲೆವೆಲ್‌ಗೆ ಇಟ್ಟಿದೀನಿ ಸಾರ್" ಅಂದ ಯತಿರಾಜ್. ಅದು ಚೂರು ಯೋಚಿಸಿ, ಕನ್ನಡದ ಮಂತ್ರಿಯನ್ನೇ ಕೊಟ್ಟುಬಿಟ್ಟಿತು.

ಯತಿರಾಜ್ ನಗು ತಡೆಯಲು ಹೋಗಿ ಕೆಮ್ಮಿದ. ನಾನು ಎದ್ದು ಒಳಗೆ ಹೋಗಬೇಕೆಂದಿದ್ದೆ, ಮಂಡಿ ಏಳಲಿಲ್ಲ.

ಬೀರೇಶ ಮಾತ್ರ ನಗಲಿಲ್ಲ. ಪರದೆಯಿಂದ ನನ್ನ ಕಡೆ ತಿರುಗಿದ. ಆಮೇಲೆ ಒಂದು ದೊಡ್ಡ ವಿಷಯ ಬಗೆಹರಿದವನ ಹಾಗೆ ಮೆಲ್ಲಗೆ ಅಂದ: "ನೀವು ಕನ್ನಡದಾಗೆ ಹೇಳಿದ್ರಿ, ನಾನು ತಮಿಳ್ನಾಗೆ ಕೇಳುಸ್ಕಂಡೆ. ಎಂಥಾ ಮಾತು ಮೇಷ್ಟ್ರೇ ಅದು! ಅವತ್ತಿನಿಂದ ಎಲ್ಲಾ ಆಟದಾಗೂ ಅಂಥ ಜಾಗ ಸಿಕ್ತದಾ ಅಂತ ನೋಡ್ತೀನಿ. ಮುಂಚೆ ಕಾಯಿ ಕೊಡಕ್ಕೆ ಭಯ ಬೀಳ್ತಿದ್ದೆ, ಈಗ ಮೇಷ್ಟ್ರು ಹೇಳವ್ರೆ ಅಂತ ಕೊಟ್ಬುಡ್ತೀನಿ."

ಈ ವರ್ಷ ಅವನು ಜಗಲಿಗೆ ಬರುವ ಭಾನುವಾರಗಳು ಕಡಿಮೆಯಾದದ್ದು ಏಕೆಂದು ನನಗೆ ಆಗ ಅರ್ಥವಾಯಿತು. ಅವನು ಗೆಲ್ಲುತ್ತಿದ್ದ. ನಾನು ಹೇಳದೇ ಇದ್ದ ಮಾತಿನಿಂದ ಗೆಲ್ಲುತ್ತಿದ್ದ.

"ಸರಿ, ಯಾವ್ದನ್ನ ಹಾಕ್ಲಿ?" ಎಂದು ಯತಿರಾಜ್ ಕೇಳಿದ. ತನ್ನ ಹಳೆಯ ಲ್ಯಾಪ್‌ಟಾಪೊಂದನ್ನು ಬೀರೇಶನಿಗೆ ಕೊಡುವುದೆಂದು ಅವನು ಮೊದಲೇ ತೀರ್ಮಾನಿಸಿದ್ದ. ಮೇಷ್ಟ್ರು ಹೇಳಿದ್ದನ್ನು ಹೇಳುವ ಇಂಜಿನ್ನನ್ನು ಇಟ್ಟುಕೊಳ್ಳುವುದು ಎಂಬ ನಿಯಮ ಬೀರೇಶನದೇ. ಅದರ ಪ್ರಕಾರ ಆರಿಸಬೇಕಾದದ್ದು ಮೂರನೆಯದನ್ನು; ನನ್ನ ಹಾಗೆಯೇ ಆಲೋಚಿಸಿ ನನ್ನ ಹಾಗೆಯೇ ಎಡವಿದ್ದು ಅದೊಂದೇ. ನಾಚಿಕೆಯ ನಡುವೆಯೂ ನಾನು ಅದಕ್ಕಾಗಿ ಒಳಗೊಳಗೇ ಆಸೆಪಟ್ಟೆ. ನನ್ನ ದಡ್ಡತನವಾದರೂ ಅವನ ಮನೆಗೆ ಹೋಗಲಿ, ಅಲ್ಲಿ ನನ್ನ ಜಾಗ ಹಿಡಿದಿರಲಿ.

"ಮೊದಲನೇದು" ಅಂದ ಬೀರೇಶ. "ಮೇಷ್ಟ್ರು ಹೇಳಿದ್ದನ್ನ ಅದೇ ಹೇಳಿದ್ದು."

"ಅದಲ್ಲವಲ್ಲಪ್ಪಾ ನಾನು ಹೇಳಿದ್ದು" ಎಂದೆ.

"ನಾನು ಕೇಳುಸ್ಕಂಡಿದ್ದು ಅದೇ ಅಲ್ವಾ?" ಅಂದ. ಅವನ ದನಿಯಲ್ಲಿ ವ್ಯಂಗ್ಯದ ಲವಲೇಶವೂ ಇರಲಿಲ್ಲ. ಇದ್ದಿದ್ದರೆ ನಾನು ಎಷ್ಟೋ ಸುಖವಾಗಿರುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಏನು ಹೆಸರು ಕೊಡಲಿ ಎಂದು ಯತಿರಾಜ್ ಕೇಳಿದ್ದಕ್ಕೆ, ಯೋಚಿಸುವ ಅಗತ್ಯವೇ ಇಲ್ಲವೆಂಬಂತೆ, "ಮೇಷ್ಟ್ರು ಅಂತ ಹಾಕ್ಲಾ" ಅಂದ. ಅದು ನನಗೆ ಮಾಡಿದ ಗೌರವ ಎಂದೇ ಅವನ ಭಾವನೆ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಗೆದ್ದಿರಬೇಕು ಎಂದುಕೊಂಡೆ. ಆದರೆ ಅಂಜೆಟ್ಟಿಯ ಕಡೆ ಎಲ್ಲೋ ಪಂದ್ಯದಲ್ಲಿ ಹೀನಾಯವಾಗಿ ಸೋತನೆಂದು ಯತಿರಾಜ್ ದಾರಿಯಲ್ಲಿ ಸಿಕ್ಕು ಹೇಳಿದ. ಹಲಗೆಯ ಮೇಲೆ ಕಾಯಿಗಳನ್ನು ಜೋಡಿಸಿಟ್ಟುಕೊಂಡು ಕಾದೆ. ಕೊನೆಗೆ ಮರ್ಯಾದೆ ಬಿಟ್ಟು ಫೋನು ಮಾಡಿದೆ. ಅವನು ಎತ್ತಲಿಲ್ಲ, ಯಾವಾಗಲೋ ಅವನೇ ಕೊಟ್ಟಿದ್ದ ಸುಷ್ಮಾಳ ನಂಬರಿಗೆ ಮಾಡಿದೆ. ಆ ನಂಬರಿಗೆ ನಾನು ಹಿಂದೆಂದೂ ಮಾಡಿದವನಲ್ಲ, ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಹಿಂದೆ ಒಗ್ಗರಣೆಯ ಸದ್ದು ಜೋರಾಗಿತ್ತು.

"ಬೀರೇಶ ಇದ್ದಾನೇನಮ್ಮಾ?"

"ಅವ್ರೆ. ಮೇಷ್ಟ್ರ ಜೊತೆ ಕೂತವ್ರೆ. ಬೆಳಗ್ಗೆಯಿಂದ್ಲೂ ಎದ್ದಿಲ್ಲ, ತಿಂಡಿನೂ ಅಲ್ಲೇ. ಯಾರು ಫೋನ್ ಮಾಡಿದ್ರು ಅಂತ ಹೇಳ್ಲಿ?"

ಆ ಮನೆಯಲ್ಲಿ ನನಗೆ ಇದ್ದದ್ದು ಒಂದೇ ಹೆಸರು. ಅದನ್ನು ಹೇಳಲು ಬಾಯಿ ತೆರೆದೆ, ಹೇಳಿದರೆ ಅವಳು ನಗುತ್ತಾಳೇನೋ ಎನಿಸಿ ತಡೆದೆ. ಅಪ್ಪ ಇಟ್ಟ ಹೆಸರನ್ನು ಹುಡುಕಿ ತೆಗೆದು, "ಮುರಳಿಕೃಷ್ಣ ಅಂತ ಹೇಳಮ್ಮಾ" ಎಂದೆ.

"ಯಾವ ಮುರಳಿಕೃಷ್ಣ?" ಅಂದಳು ಸುಷ್ಮಾ. "ಪುದೀನ ಮಂಡಿಯೋರಾ?"

ಹೌದಮ್ಮಾ ಎಂದು ಇಟ್ಟುಬಿಟ್ಟೆ.

ಬೀರೇಶ ಆಮೇಲೆ ಬಂದ. ಈಗಲೂ ಆಗಾಗ ಬರುತ್ತಾನೆ, ಕೊತ್ತಂಬರಿ ಕಟ್ಟು ತಂದುಕೊಡುತ್ತಾನೆ, ಮಂಡಿನೋವು ವಿಚಾರಿಸುತ್ತಾನೆ, ಅವನ ಪ್ರೀತಿಯಲ್ಲಿ ಕೊರತೆಯೇನೂ ಆಗಿಲ್ಲ. ಯಂತ್ರದ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಕೂಡ ತಣ್ಣಗಾಗಿದೆ. ಅದಕ್ಕೆ ನನಗಿಂತ ಚೆನ್ನಾಗಿ ಆಟ ಬರುತ್ತದೆ, ಅಷ್ಟೇ. ಆರದೆ ಉರಿಯುತ್ತಿರುವುದು ಬೇರೆಯದು. ಬಸ್ಸಿನ ಗದ್ದಲದಲ್ಲಿ, ಕೃಷ್ಣಗಿರಿಯ ರಸ್ತೆಯಲ್ಲಿ, ಸೋತು ಕೂತಿದ್ದವನಿಗೆ ಒಂದೇ ಮಾತಿನಲ್ಲಿ ದಾರಿ ತೋರಿಸಿದ ಆ ಇನ್ನೊಬ್ಬ ಮೇಷ್ಟ್ರು ಇದ್ದಾನಲ್ಲ, ನನ್ನ ದನಿಯಲ್ಲೇ ಮಾತಾಡಿ ನಾನು ಕಾಣದ್ದನ್ನು ಕಂಡವನು, ಅವನನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಬೀರೇಶನಂಥವರು ಲೋಕದಲ್ಲಿ ವಿರಳ. ನಾವಾಡುವ ಮಾತನ್ನು ನಮ್ಮ ಯೋಗ್ಯತೆಯಷ್ಟಕ್ಕೆ ಕೇಳಿಸಿಕೊಂಡು ಸುಮ್ಮನಾಗುವ ಜಾಣ್ಮೆ ಅವರಿಗಿಲ್ಲ. ನಂಬಿಕೆಯಿಂದ ಕೇಳಿಸಿಕೊಂಡು, ನಮಗಿಂತ ಒಳ್ಳೆಯವನೊಬ್ಬನನ್ನು ನಮ್ಮ ಹೆಸರಿನಲ್ಲೇ ಕಟ್ಟಿಕೊಂಡು, ಅವನ ಕೈ ಹಿಡಿದು ಮುಂದೆ ಹೋಗಿಬಿಡುತ್ತಾರೆ. ಅಂಥವರಿಗೆ ಗುರುವಾಗುವುದು ಭಾಗ್ಯವೆಂದು ಹೇಳುವವರು ಹೇಳಲಿ. ಆಗಿ ನೋಡಿದವನಿಗೆ ಗೊತ್ತು, ಅವರ ಮನೆಯಲ್ಲಿ ನಮ್ಮ ಹೆಸರಿನ ಆಸನ ಸದಾ ಇರುತ್ತದೆ, ಅದರ ಮೇಲೆ ಯಾವಾಗಲೂ ಬೇರೊಬ್ಬ ಕೂತಿರುತ್ತಾನೆ.